ಬೇಕಾಗಿದೆ: ನನ್ನನ್ನು ಹೊಗಳದ ಒಂದು ಪ್ರಾಕ್ಟೀಸ್ ಆ್ಯಪ್

2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಒಂದು ಪರೀಕ್ಷಾ ಕೇಂದ್ರದಲ್ಲಿ ಕೂತು ನಾನು ಫೇಲಾದೆ. ಕೊಪ್ಪಳದಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ರಾತ್ರಿಯೆಲ್ಲ ಮೊಬೈಲಿನಲ್ಲಿ ಪ್ರಶ್ನೆ ತಿರುವುತ್ತ ಹೋಗಿದ್ದೆ. ಅದೇ ದಿನ ರಾತ್ರಿ ಅದೇ ಗಾಡಿಯಲ್ಲಿ ವಾಪಸ್ ಬರುವಾಗ ಮೊಬೈಲನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ನಾವೆಲ್ಲ ಬೇರೆಯವರ ಸೋಲು ಬರೆದು ರೂಢಿ ಇರುವವರು. ಬೆಳೆ ವಿಮೆ ಬಾರದ ರೈತ, ಕೂಲಿ ಜಮಾ ಆಗದ ನರೇಗಾ ಕಾರ್ಮಿಕ, ಹಾಸ್ಟೆಲ್ ಸೀಟು ಸಿಗದ ಹುಡುಗಿ. ನಮ್ಮ ಸೋಲು ಬರೆಯಲು ಕೂತರೆ ಇಂಟ್ರೋನೇ ಬರುವುದಿಲ್ಲ. ನಾಲ್ಕು ತಿಂಗಳು ಬಿಟ್ಟು ಈಗ ಬರೆಯುತ್ತಿದ್ದೇನೆ. ಅನುಕಂಪಕ್ಕೆ ಅಲ್ಲ. ಈ ಪರೀಕ್ಷೆಗೆ ಓದುವ ಹುಡುಗರು ನಮ್ಮ ಕಡೆ ತುಂಬ ಇದ್ದಾರೆ, ಮತ್ತು ಅವರು ಎಲ್ಲರೂ ನಾನು ನಂಬಿದಂಥ ಆ್ಯಪನ್ನೇ ನಂಬಿ ಕೂತಿದ್ದಾರೆ.

ಪರೀಕ್ಷೆಯ ಹೆಸರು ಸಿಸಿಎನ್‌ಎ. ಸಿಸ್ಕೋ ಕಂಪನಿ ನಡೆಸುವ ನೆಟ್‌ವರ್ಕಿಂಗ್ ಸರ್ಟಿಫಿಕೇಟ್. ಪರೀಕ್ಷೆ ಸಂಖ್ಯೆ 200-301, ಸಮಯ 120 ನಿಮಿಷ, ಫೀಸು 300 ಡಾಲರ್. ಆಗಿನ ದರದಲ್ಲಿ 25 ಸಾವಿರ ರೂಪಾಯಿ ದಾಟುತ್ತಿತ್ತು, ತೆರಿಗೆ ಬೇರೆ. ಪಾಸಾದರೆ ಸರ್ಟಿಫಿಕೇಟಿಗೆ ಮೂರು ವರ್ಷ ಬೆಲೆ. ಫೇಲಾದರೆ ಫೀಸು ವಾಪಸ್ ಇಲ್ಲ, ಮತ್ತೆ ಕೂರಬೇಕಾದರೆ ಪೂರ್ತಿ ಮತ್ತೆ ಕಟ್ಟಬೇಕು. ನನ್ನಂಥ ಸ್ಟ್ರಿಂಗರ್‌ಗೆ ಅದು ಮೂರು ತಿಂಗಳ ಗಳಿಕೆ. ನಮ್ಮ ಬ್ಯಾಚಿನವರಿಗೆ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದವನಿಗೆ ರೂಟರ್ ಯಾಕೆ ಅಂತ ಕೇಳಬಹುದು. ಐದಾರು ವರ್ಷದಿಂದ ನಮ್ಮ ಊರಿನ ಕೇಬಲ್ ಕಾಕಾನ ಜೊತೆ ಸಂಜೆ ಹೊತ್ತು ಕೆಲಸ ಮಾಡುತ್ತೇನೆ. ಮೊದಲು ಟಿವಿ ಕೇಬಲ್ ಇತ್ತು, ಆಮೇಲೆ ಫೈಬರ್ ಬಂತು. ತುಂಡಾದ ಫೈಬರ್ ಜೋಡಿಸುವುದು, ಮನೆಮನೆಗೆ ಹೋಗಿ ವೈಫೈ ಪೆಟ್ಟಿಗೆ ಕೂರಿಸುವುದು, ಪಾಸ್‌ವರ್ಡ್ ಮರೆತವರಿಗೆ ಹೊಸದು ಹಾಕಿಕೊಡುವುದು. ಬೆಳಿಗ್ಗೆ ಜಿಲ್ಲಾ ಪಂಚಾಯ್ತಿ ಕೆಡಿಪಿ ಸಭೆಯಲ್ಲಿ ಪೆನ್ನು ಹಿಡಿದವನನ್ನೇ ಸಂಜೆ ಏಣಿ ಮೇಲೆ ನೋಡಿ ಜನ ನಗುತ್ತಾರೆ. ಸುದ್ದಿಗೆ ಬರುವುದಕ್ಕಿಂತ ಹೆಚ್ಚು ಹಣ ಏಣಿಯಿಂದ ಬರುತ್ತಿತ್ತು ಎನ್ನುವುದನ್ನು ಮಾತ್ರ ನಾನು ನಗುತ್ತ ಹೇಳಲಾರೆ. ಕಾಕಾಗೆ ನೆಟ್ ಕೊಡುವ ದೊಡ್ಡ ಕಂಪನಿಯ ಇಂಜಿನಿಯರ್ ಒಬ್ಬರು ಒಂದು ದಿನ, "ಕೈ ಚಲೋ ಐತಿ ನಿಮ್ದು, ಸಿಸಿಎನ್‌ಎ ಒಂದು ಮುಗಿಸ್ರಿ, ಹುಬ್ಬಳ್ಳಿಯೊಳಗ ಶಿಫ್ಟ್ ಡ್ಯೂಟಿ ಕೊಡ್ಸಾಕ ನೋಡ್ತೀನಿ" ಅಂದರು. ತಿಂಗಳ ಸಂಬಳ, ಪಿಎಫ್. ಮನೆಯಲ್ಲಿ ಆ ಎರಡು ಅಕ್ಷರ ಹೇಳಿದಾಗ ಮನೆಯಾಕಿ ಒಲೆ ಸಣ್ಣ ಮಾಡಿ ನನ್ನ ಮುಖ ನೋಡಿದಳು.

ಓದಲು ವಿಡಿಯೋ ಸಾಕಷ್ಟು ಉಚಿತವಾಗಿಯೇ ಸಿಕ್ಕವು. ಯೂಟ್ಯೂಬಿನ ಜೆರೆಮೀಸ್ ಐಟಿ ಲ್ಯಾಬ್ ಚಾನೆಲ್‌ನ ಪೂರ್ತಿ ಕೋರ್ಸಿಗೆ ಒಂದು ಪೈಸೆ ಕೊಟ್ಟಿಲ್ಲ. ಅಭ್ಯಾಸ ಪ್ರಶ್ನೆಗಳಿಗೆ ಮಾತ್ರ ಒಂದು ಆ್ಯಪ್ ಕೊಂಡೆ, ವರ್ಷಕ್ಕೆ 1,800 ರೂಪಾಯಿ. ಹೆಸರು ಹೇಳುವುದಿಲ್ಲ. ಅಂಥವು ಹತ್ತಾರು ಇವೆ, ಎಲ್ಲದರ ಮುಖವೂ ಒಂದೇ.

ಮೊದಲ ವಾರ ನನ್ನ ಅಂಕ ನೂರಕ್ಕೆ 52. ಎರಡು ತಿಂಗಳಲ್ಲಿ 94. ಪ್ರತಿ ಸಲ ಪರದೆ ಮೇಲೆ ಬಣ್ಣದ ಕಾಗದ ಉದುರುತ್ತಿತ್ತು. ರೂಟಿಂಗ್ ವಿಭಾಗದಲ್ಲಿ "ಎಕ್ಸ್‌ಪರ್ಟ್" ಅಂತ ಪದಕ ಕೊಟ್ಟಿತು. ನಾನು ಅದರ ಸ್ಕ್ರೀನ್‌ಶಾಟ್ ತೆಗೆದು ಆ ಇಂಜಿನಿಯರ್‌ಗೆ ಕಳಿಸಿದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಆ 94 ಎಲ್ಲಿಂದ ಬಂತು ಅಂತ ಫೇಲಾದ ಮೇಲೆ ಕೂತು ತನಿಖೆ ಮಾಡಿದೆ. ಆ್ಯಪ್‌ನಲ್ಲಿ ಇದ್ದದ್ದು ಆರುನೂರು ಚಿಲ್ಲರೆ ಪ್ರಶ್ನೆ. ಅವನ್ನೇ ತಿರುವಿ ಹಾಕುತ್ತಿತ್ತು. ನಾಲ್ಕನೇ ಸಲ ನೋಡುವ ಹೊತ್ತಿಗೆ ನಾನು ಪ್ರಶ್ನೆ ಓದುತ್ತಲೇ ಇರಲಿಲ್ಲ. ಮುಖ ನೋಡಿ ಗುರುತು ಹಿಡಿಯುತ್ತಿದ್ದೆ. ಚಿತ್ರದಲ್ಲಿ ಎರಡು ಸ್ವಿಚ್, ಎಡಗಡೆ ಕೆಂಪು ಗೆರೆ ಇದ್ದರೆ ಉತ್ತರ ಸಿ. "172.16" ಅಂತ ಶುರುವಾದರೆ ಉತ್ತರ ಎ. ಜಾತ್ರೆಯಲ್ಲಿ ಪರಿಚಯದವರನ್ನು ನೋಡಿ ಕೈ ಎತ್ತಿದಂತೆ. ಹೆಸರು ಕೇಳಿದರೆ ಗೊತ್ತಿಲ್ಲ.

ಹಾಗಾಗಿ ಮೊದಲು ಬೇಕಾದದ್ದು ಪ್ರತಿ ಸಲ ಅಂಕಿ ಬದಲಿಸುವ ಸಾಫ್ಟ್‌ವೇರ್. ಇದು ದೊಡ್ಡ ವಿದ್ಯೆಯೇನಲ್ಲ. ಒಂದು ಐಪಿ ವಿಳಾಸ ಕೊಟ್ಟು ಅದು ಯಾವ ನೆಟ್‌ವರ್ಕಿಗೆ ಸೇರಿದ್ದು ಅಂತ ಕೇಳುವ ಪ್ರಶ್ನೆಯಲ್ಲಿ ಇವತ್ತು 192.168.10.77/27 ಕೊಡಲಿ, ನಾಳೆ 10.4.19.200/21 ಕೊಡಲಿ. ಉತ್ತರ ಲೆಕ್ಕ ಹಾಕುವುದು ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಕೆಲಸ. ಆದರೂ ನಾನು ಕೊಂಡ ಆ್ಯಪ್ 77ನ್ನು 78 ಕೂಡ ಮಾಡಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು ತಪ್ಪು ಉತ್ತರಗಳ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೆಟ್‌ವರ್ಕ್ ಗೊತ್ತಿಲ್ಲದವರೂ ಓದಬಹುದು. 192.168.10.77/27 ಅಂದರೆ ಆ ಕೊನೆಯ ಅಂಕಿಯ ಓಣಿಗಳನ್ನು 32, 32 ಮನೆಗಳ ಹಾಗೆ ಕಡಿದಿದ್ದಾರೆ ಎಂದರ್ಥ. 0ಯಿಂದ ಒಂದು ಓಣಿ, 32ರಿಂದ ಒಂದು, 64ರಿಂದ ಒಂದು, 96ರಿಂದ ಮುಂದಿನದು. 77 ಬೀಳುವುದು 64ರಿಂದ 95ರವರೆಗಿನ ಓಣಿಯಲ್ಲಿ. ಓಣಿಯ ಮೊದಲ ಅಂಕಿ, 64, ನೆಟ್‌ವರ್ಕಿನ ಹೆಸರು. ಕೊನೆಯದು, 95, ಎಲ್ಲರಿಗೂ ಕೂಗಿ ಹೇಳುವ ವಿಳಾಸ. ನಡುವಿನ 30 ವಿಳಾಸ ಬಳಕೆಗೆ. ಉತ್ತರ 192.168.10.64.

ಈಗ ಒಬ್ಬ ಹುಡುಗ 72 ಅಂತ ಒತ್ತಿದ ಅನ್ನಿ. ಅವನು 32ರ ಬದಲು 8ರ ಓಣಿ ಕಡಿದಿದ್ದಾನೆ, ಅಂದರೆ ಅವನ ತಲೆಯಲ್ಲಿ /29 ಇದೆ. 0 ಅಂತ ಒತ್ತಿದವನು ಸ್ಲ್ಯಾಶ್ ನಂತರದ ಅಂಕಿಯನ್ನು ನೋಡಲೇ ಇಲ್ಲ, ಎಲ್ಲವೂ /24 ಅಂತ ತಿಳಿದಿದ್ದಾನೆ. 96 ಒತ್ತಿದವನಿಗೆ 32ರ ಮಗ್ಗಿ ಗೊತ್ತು, ಆದರೆ ಹಿಂದಿನ ಓಣಿಯನ್ನು ಹಿಡಿಯುವ ಬದಲು ಮುಂದಿನದನ್ನು ಹಿಡಿದಿದ್ದಾನೆ. ಮೂವರದೂ ತಪ್ಪು. ಮೂವರಿಗೂ ಬೇಕಾದ ಔಷಧಿ ಬೇರೆ. ನನ್ನ ಆ್ಯಪ್ ಮೂವರಿಗೂ ಒಂದೇ ಹೇಳುತ್ತಿತ್ತು: ತಪ್ಪು, ಸರಿಯುತ್ತರ ಬಿ. ಕೆಳಗೆ ಎರಡು ಸಾಲು ವಿವರಣೆ, ಅದೂ ಸರಿಯುತ್ತರವನ್ನೇ ಉದ್ದ ಮಾಡಿ ಬರೆದದ್ದು.

ಇದನ್ನು ಸರಿಯಾಗಿ ಮಾಡುವವರು ಇಲ್ಲವೆಂದಲ್ಲ. ಬೋಸನ್ ಕಂಪನಿಯ ಎಕ್ಸಾಂಸಿಮ್‌ನಲ್ಲಿ ತಪ್ಪು ಆಯ್ಕೆಗಳು ಯಾಕೆ ತಪ್ಪು ಅಂತಲೂ ಉದ್ದಕ್ಕೆ ವಿವರಿಸಿರುತ್ತಾರೆ. ಅದರ ಬೆಲೆ ಡಾಲರಿನಲ್ಲಿದೆ. ನಾನು 1,800ರದ್ದು ಕೊಂಡು ಉಳಿಸಿದೆ ಅಂದುಕೊಂಡೆ.

ಮೂರನೆಯ ಬೇಡಿಕೆ ನಮ್ಮ ವೃತ್ತಿಯಿಂದಲೇ ಬಂದದ್ದು. ಸುದ್ದಿ ಬರೆಯುವಾಗ ನಾವು ಎಷ್ಟು ಗ್ರೇಡ್ ಮಾಡುತ್ತೇವೆ ನೋಡಿ. ಕಣ್ಣಾರೆ ಕಂಡಿದ್ದರೆ "ನಡೆಯಿತು". ಪೊಲೀಸರು ಹೇಳಿದ್ದರೆ "ಪೊಲೀಸರು ತಿಳಿಸಿದ್ದಾರೆ". ಯಾರೋ ಚಹಾದಂಗಡಿಯಲ್ಲಿ ಹೇಳಿದ್ದರೆ "ಎನ್ನಲಾಗಿದೆ". ಉತ್ತರ ಒತ್ತುವ ಮುಂಚೆ ಆ್ಯಪ್ ನನ್ನನ್ನು ಇದನ್ನೇ ಕೇಳಬೇಕು. ನಿನಗೆ ಗೊತ್ತಾ, ಅಂದಾಜಾ, ಅಥವಾ ಎನ್ನಲಾಗಿದೆಯಾ? ನಾಲ್ಕು ಆಯ್ಕೆ ಇರುವ ಪ್ರಶ್ನೆಗೆ ಕಣ್ಣು ಮುಚ್ಚಿ ಒತ್ತಿದರೂ ನಾಲ್ಕರಲ್ಲಿ ಒಂದು ಸರಿ ಬೀಳುತ್ತದೆ. ಎರಡು ಆಯ್ಕೆ ತೆಗೆದುಹಾಕಿ ಉಳಿದ ಎರಡರಲ್ಲಿ ಒತ್ತಿದರೆ ಅರ್ಧಕ್ಕರ್ಧ ಸರಿ. ನನ್ನ 94ರಲ್ಲಿ "ಎನ್ನಲಾಗಿದೆ" ಎಷ್ಟಿತ್ತು ಅಂತ ನನಗೇ ಲೆಕ್ಕವಿಲ್ಲ. ಗೊತ್ತಿಲ್ಲದೆ ಸರಿಯಾದ ಉತ್ತರವನ್ನೂ, ಖಾತ್ರಿಯಿಂದ ಒತ್ತಿ ತಪ್ಪಾದ ಉತ್ತರವನ್ನೂ ಅದು ಬೇರೆ ಬೇರೆ ಪಟ್ಟಿ ಮಾಡಿ ಕೊಟ್ಟಿದ್ದರೆ ಸಾಕಿತ್ತು. ಎರಡನೇ ಪಟ್ಟಿಯೇ ಅಪಾಯದ್ದು. ಖಾತ್ರಿಯಿಂದ ತಪ್ಪು ಬರೆದ ಸುದ್ದಿಗೇ ಅಲ್ಲವೇ ಸ್ಪಷ್ಟೀಕರಣ ಹಾಕಬೇಕಾಗುವುದು.

ಈಗ ಡ್ಯಾಮಿನ ಕತೆ.

ನಾನು ಮೊದಲು ಪರೀಕ್ಷೆ ಹಚ್ಚಿಸಿಕೊಂಡದ್ದು 2024ರ ಆಗಸ್ಟ್ 16ಕ್ಕೆ. ಆಗಸ್ಟ್ 10, ಶನಿವಾರ ರಾತ್ರಿ, ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಮಧ್ಯರಾತ್ರಿ ಫೋನ್ ಬಂತು, ಬೈಕ್ ಹತ್ತಿದೆ. ಅಲ್ಲಿಂದ ಒಂದು ವಾರ ಮುನಿರಾಬಾದೇ ಮನೆ. ತುಂಬಿದ ಜಲಾಶಯವನ್ನು ಕಣ್ಣೆದುರೇ ಖಾಲಿ ಮಾಡುತ್ತಿದ್ದರು. ಗಂಗಾವತಿ, ಕಾರಟಗಿ ಕಡೆಯ ಭತ್ತದ ರೈತರು ಬಂದು ಸುಮ್ಮನೆ ನಿಂತು ನೀರು ಹೋಗುವುದನ್ನು ನೋಡುತ್ತಿದ್ದರು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಮುಗಿಸುವವರೆಗೆ ಯಾರ ಕಣ್ಣಿಗೂ ನಿದ್ದೆ ಇರಲಿಲ್ಲ. ನಾನು ಆ ನಡುವೆಯೇ ಒಂದು ಸಂಜೆ, ಸೇತುವೆ ಬಳಿ ಬೈಕಿನ ಮೇಲೆ ಕೂತು, ಪರೀಕ್ಷೆಯನ್ನು ಸೆಪ್ಟೆಂಬರಿಗೆ ಮುಂದೆ ಹಾಕಿದೆ.

ಆ ವಾರವೆಲ್ಲ ಆ್ಯಪ್ ಏನು ಮಾಡುತ್ತಿತ್ತು ಗೊತ್ತೇ? ದಿನಾ ರಾತ್ರಿ ಎಂಟಕ್ಕೆ ಸಂದೇಶ. "ನಿಮ್ಮ 41 ದಿನಗಳ ಸರಣಿ ಮುರಿಯಲಿದೆ!" ಮರುದಿನ: "ಅಯ್ಯೋ, ಸರಣಿ ಮುರಿಯಿತು." ಜೊತೆಗೊಂದು ಅಳುವ ಗೊಂಬೆ. ಎದುರಿಗೆ ಒಡೆದ ಗೇಟಿನಿಂದ ನೀರು ಭೋರ್ಗರೆಯುತ್ತಿದೆ, ಈ ಗೊಂಬೆ ನನಗಾಗಿ ಅಳುತ್ತಿದೆ. ಸಿಟ್ಟಿಗಿಂತ ಹೆಚ್ಚು ನಾಚಿಕೆ ಆಯಿತು, ಯಾಕೆಂದರೆ ಒಂದು ರಾತ್ರಿ ಸರಣಿ ಉಳಿಸಲೆಂದೇ ನಾನು ಅಲ್ಲಿಯೇ ನಿಂತು ಐದು ಸುಲಭ ಪ್ರಶ್ನೆ ಒತ್ತಿದ್ದೆ. ಕಲಿತದ್ದು ಸೊನ್ನೆ. ದಿನಗೂಲಿಯವರು, ಹೊಲಕ್ಕೆ ಹೋಗುವವರು, ನಮ್ಮಂಥ ವೇಳೆಗೆಟ್ಟ ಕೆಲಸದವರು ಓದುವುದು ಸರಣಿಯಲ್ಲಿ ಅಲ್ಲ, ತುಣುಕಿನಲ್ಲಿ. ಒಂದು ವಾರ ಬಿಟ್ಟು ಬಂದವನಿಗೆ ಸಾಫ್ಟ್‌ವೇರ್ ಹೇಳಬೇಕಾದದ್ದು ಇಷ್ಟೇ: ಬಂದಿರಾ, ಕೂರ್ರಿ, ಈ ಏಳು ದಿನದಲ್ಲಿ ನೀವು ಮರೆತಿರಬಹುದಾದದ್ದು ಈ ಹನ್ನೆರಡು ವಿಷಯ, ಮೊದಲು ಅವನ್ನು ನೋಡೋಣ.

ಇನ್ನೊಂದು ಪೆಟ್ಟು ನನಗೆ ಅಲ್ಲಿಯೇ ಬಿದ್ದಿತ್ತು, ಗೊತ್ತಾದದ್ದು ಮಾತ್ರ ಆಮೇಲೆ. ಆಗಸ್ಟ್ 19 ಹಳೆ ಸಿಸಿಎನ್‌ಎ ಪಠ್ಯದ ಕೊನೆಯ ದಿನ. 20ರಿಂದ 1.1 ಅಂತ ಪರಿಷ್ಕೃತ ಪಠ್ಯ. ಬದಲಾವಣೆ ಬಹಳ ದೊಡ್ಡದಲ್ಲ. ಪಪೆಟ್, ಶೆಫ್ ಎಂಬ ಹತಾರಗಳು ಹೋಗಿ ಟೆರಾಫಾರ್ಮ್ ಬಂತು, ಕೃತಕ ಬುದ್ಧಿಮತ್ತೆಯ ವಿಷಯ ಸ್ವಲ್ಪ ಸೇರಿತು. ಸಿಸ್ಕೋ ಇದನ್ನು ಮೊದಲೇ ಪ್ರಕಟಿಸಿತ್ತು. ನಾನು ನೋಡಿರಲಿಲ್ಲ, ಆ್ಯಪ್ ಇದೆಯಲ್ಲ ಅಂತ. ಆ್ಯಪ್ ಸೆಪ್ಟೆಂಬರಿನಲ್ಲೂ ನನ್ನಿಂದ ಪಪೆಟ್, ಶೆಫ್ ಉರು ಹೊಡೆಸುತ್ತಿತ್ತು, ಮೇಲೆ "ಲೇಟೆಸ್ಟ್" ಅಂತ ಹಸಿರು ಪಟ್ಟಿ. ಪ್ರತಿ ಪ್ರಶ್ನೆಯ ಕೆಳಗೆ ಇದು ಪಠ್ಯಕ್ರಮದ ಯಾವ ಅಂಶಕ್ಕೆ ಸೇರಿದ್ದು, ಕೊನೆಯ ಸಲ ಯಾವಾಗ ಪರಿಶೀಲಿಸಿದ್ದು ಅಂತ ದಿನಾಂಕ ಹಾಕಬೇಕು. ಪೇಪರಿನ ನೆತ್ತಿಯ ಮೇಲೆ ತಾರೀಕು ಇಲ್ಲದಿದ್ದರೆ ಯಾರಾದರೂ ಓದುತ್ತಾರೆಯೇ?

ಹಾಗಂತ ನಾನು ಫೇಲಾದದ್ದು ಟೆರಾಫಾರ್ಮ್‌ನಿಂದ ಅಲ್ಲ. ಆ ವಿಭಾಗಕ್ಕೆ ಇರುವುದೇ ನೂರಕ್ಕೆ 10 ಭಾಗ. ಎಲ್ಲಕ್ಕಿಂತ ದೊಡ್ಡದು ಐಪಿ ಕನೆಕ್ಟಿವಿಟಿ, 25 ಭಾಗ, ಅಂದರೆ ರೂಟಿಂಗ್. ನನಗೆ ಪದಕ ಸಿಕ್ಕ ವಿಭಾಗ. ಪರೀಕ್ಷೆ ಮುಗಿದ ಮೇಲೆ ವಿಭಾಗವಾರು ಶೇಕಡಾ ಲೆಕ್ಕದ ಒಂದು ವರದಿ ಕೊಡುತ್ತಾರೆ. ಅದರಲ್ಲಿ ನನ್ನ ರೂಟಿಂಗ್ 32. ಪಾಸಾಗಲು ಎಷ್ಟು ಬೇಕು ಅಂತ ಸಿಸ್ಕೋ ಬಹಿರಂಗಪಡಿಸುವುದಿಲ್ಲ. 32 ಸಾಲದು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೇಂದ್ರದೊಳಗೆ ಏನಾಯಿತು? ಯಾವ ಪ್ರಶ್ನೆ ಬಂತು ಅಂತ ಹೇಳುವ ಹಾಗಿಲ್ಲ, ಗುಟ್ಟು ಬಿಡುವುದಿಲ್ಲ ಅಂತ ಒಪ್ಪಿ ಒತ್ತಿದ ಮೇಲೇ ಪರೀಕ್ಷೆ ತೆರೆದುಕೊಳ್ಳುವುದು. ನನ್ನ ಕೈ ಏನು ಮಾಡಿತು ಅಂತ ಹೇಳಬಹುದು. ಆ್ಯಪ್‌ನಲ್ಲಿ ನನಗೆ ಒಂದು ಚಟ ಇತ್ತು. ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ಹಿಂದೆ ಬಂದು ತಿದ್ದುವುದು. ಸಿಸಿಎನ್‌ಎಯಲ್ಲಿ ಹಿಂದೆ ಬರಲು ಬಿಡುವುದಿಲ್ಲ. ಒಮ್ಮೆ ಮುಂದೆ ಒತ್ತಿದರೆ ಮುಗಿಯಿತು. ಕಾಂಪ್ಟಿಯಾದವರ ನೆಟ್‌ವರ್ಕ್ ಪ್ಲಸ್ ಪರೀಕ್ಷೆಯಲ್ಲಿ ಗುರುತು ಹಾಕಿ ವಾಪಸ್ ಬರಬಹುದು, ಇಲ್ಲಿ ಇಲ್ಲ. ಇದು ನನಗೆ ಓದಿ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಒಂದೊಂದು ಪ್ರಶ್ನೆಯನ್ನೂ ಬಿಡಲು ಹೆದರಿ ಮೊದಲರ್ಧದಲ್ಲೇ ಮುಕ್ಕಾಲು ಸಮಯ ತಿಂದೆ. ಆಮೇಲೆ ಓಡಿದ್ದೇ ಓಡಿದ್ದು. ಯಾವ ಪರೀಕ್ಷೆಗೆ ತಯಾರಿ ಮಾಡಿಸುತ್ತದೋ ಆ ಪರೀಕ್ಷೆಯ ನಿಯಮವನ್ನೇ ಸಾಫ್ಟ್‌ವೇರ್ ಹಾಕಬೇಕು. ಅಭ್ಯಾಸದ ಹೊತ್ತಿನಲ್ಲಿ ಸಡಿಲ ಬಿಡಲಿ, ಅಣಕು ಪರೀಕ್ಷೆ ಅಂದಮೇಲೆ ಹಿಂದಕ್ಕೆ ಹೋಗುವ ಬಾಣವನ್ನು ತೆಗೆದುಬಿಡಲಿ.

ಲ್ಯಾಬ್ ಬಗ್ಗೆ ಬರೆದರೆ ಅದೇ ಒಂದು ಲೇಖನವಾಗುತ್ತದೆ. ಪರೀಕ್ಷೆಯಲ್ಲಿ ಬರೀ ಆಯ್ಕೆ ಪ್ರಶ್ನೆ ಇರುವುದಿಲ್ಲ, ಎಳೆದು ಜೋಡಿಸುವವೂ ಇರುತ್ತವೆ, ನಿಜವಾದ ರೂಟರಿನಂತೆ ಕಮಾಂಡ್ ಹೊಡೆದು ಕೆಲಸ ಮಾಡಿ ತೋರಿಸುವವೂ ಇರುತ್ತವೆ. ನನ್ನ ಆ್ಯಪ್‌ನಲ್ಲಿ "ಲ್ಯಾಬ್" ಅಂತ ಒಂದು ಮೂಲೆ ಇತ್ತು. ಅಲ್ಲಿ ಅವರು ಬರೆದಿಟ್ಟ ಕಮಾಂಡನ್ನು ಅಕ್ಷರ ತಪ್ಪದೆ ಹೊಡೆದರೆ ಮಾತ್ರ ಸರಿ. ನಿಜವಾದ ಸಿಸ್ಕೋ ಪೆಟ್ಟಿಗೆ ಅಷ್ಟು ಹಟಮಾರಿಯಲ್ಲ. "ಶೋ ಐಪಿ ಇಂಟರ್‌ಫೇಸ್ ಬ್ರೀಫ್" ಅಂತ ಪೂರ್ತಿ ಹೊಡೆಯುವ ಬದಲು ಮೊಟಕು ಮಾಡಿ ಹೊಡೆದರೂ ಅರ್ಥ ಮಾಡಿಕೊಳ್ಳುತ್ತದೆ. ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಮುಂದೆ ಏನೇನು ಹೊಡೆಯಬಹುದು ಅಂತ ಪಟ್ಟಿ ಕೊಡುತ್ತದೆ. ಕೆಲಸ ಮಾಡುವವರು ಹಾಗೇ ಮಾಡುವುದು. ಆ್ಯಪ್ ನನಗೆ ಮೊಟಕು ಹೊಡೆದದ್ದಕ್ಕೆ ತಪ್ಪು ಹಾಕಿ, ಕೈ ಕೆಡಿಸಿತು.

ಪ್ಯಾಕೆಟ್ ಟ್ರೇಸರ್ ಅಂತ ಸಿಸ್ಕೋದ್ದೇ ಸಾಫ್ಟ್‌ವೇರ್ ಇದೆ, ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಉಚಿತ. ನನ್ನ ಹಳೆ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಜಿಎನ್‌ಎಸ್3, ಈವ್-ಎನ್‌ಜಿ ಇನ್ನೂ ನಿಜಕ್ಕೆ ಹತ್ತಿರ, ಆದರೆ ಅವಕ್ಕೆ ಗಟ್ಟಿ ಯಂತ್ರ ಬೇಕು. ನಾನು ಪ್ಯಾಕೆಟ್ ಟ್ರೇಸರ್ ಇಳಿಸಿಕೊಂಡು ಎರಡು ವಾರ ಆಡಿ, ಆ್ಯಪ್‌ನಲ್ಲಿ ಅಂಕ ಏರುತ್ತಿದ್ದದ್ದು ನೋಡಿ, ಬಿಟ್ಟೆ. ಅಂಕ ಕೊಡುವ ಕಡೆಗೆ ಮನಸ್ಸು ವಾಲುತ್ತದೆ.

ನನಗೆ ಬೇಕಾದ ಲ್ಯಾಬ್ ಯಾವುದು ಅಂದರೆ, ಕೆಟ್ಟ ನೆಟ್‌ವರ್ಕ್ ಕೈಗೆ ಕೊಟ್ಟು ಸುಮ್ಮನಿರುವಂಥದ್ದು. ವಿಲ್ಯಾನ್ 20ರ ಒಂದು ಕಂಪ್ಯೂಟರ್ ಆಚೆ ಸ್ವಿಚ್ಚಿನಲ್ಲಿರುವ ತನ್ನದೇ ವಿಲ್ಯಾನಿನ ಇನ್ನೊಂದನ್ನು ಮುಟ್ಟುತ್ತಿಲ್ಲ. ಇಷ್ಟೇ ದೂರು. ಕೇಬಲ್ ಸರಿ ಇದೆ, ವಿಳಾಸ ಸರಿ ಇದೆ. ಹುಡುಕುತ್ತ ಹೋದರೆ ಎರಡು ಸ್ವಿಚ್ಚಿನ ನಡುವಿನ ಟ್ರಂಕ್ ದಾರಿಯಲ್ಲಿ ಬಿಡಬೇಕಾದ ವಿಲ್ಯಾನ್‌ಗಳ ಪಟ್ಟಿಯಿಂದ 20 ಬಿಟ್ಟುಹೋಗಿದೆ. ಸಂಜೆ ಆರಕ್ಕೆ ಕಾಕಾಗೆ ಬರುವ ಫೋನೂ ಹೀಗೇ ಇರುತ್ತದೆ. "ನೆಟ್ ಹೋಗೇತಿ ನೋಡ್ರಿ", ಅಷ್ಟೇ. ಯಾರೂ ನಾಲ್ಕು ಆಯ್ಕೆ ಕೊಡುವುದಿಲ್ಲ. ಕೊನೆಗೆ ಅಂಕ ಹಾಕುವಾಗ ನಾನು ಯಾವ ಕಮಾಂಡ್ ಹೊಡೆದೆ ಅಂತ ನೋಡದೆ, ಆ ಕಂಪ್ಯೂಟರ್ ಈಗ ಮುಟ್ಟುತ್ತಿದೆಯೇ, ರಿಪೇರಿ ಮಾಡುವಾಗ ಬೇರೆ ಏನನ್ನಾದರೂ ಕೆಡಿಸಿದೆನೇ ಅಂತ ನೋಡಲಿ.

ಭಾಷೆಯ ಮಾತು ಅಳಿಯನಿಂದ ಬಂತು. ಅಕ್ಕನ ಮಗ, ಪಾಲಿಟೆಕ್ನಿಕ್‌ನಲ್ಲಿ ಓದುತ್ತಾನೆ, ಹತ್ತನೆಯವರೆಗೆ ಕನ್ನಡ ಮಾಧ್ಯಮ. ನನ್ನ ಆ್ಯಪ್‌ನಲ್ಲಿ ಅವನೂ ಕೂರುತ್ತಿದ್ದ. ಒಂದು ದಿನ "ಮಾಮಾ, ಈ ಡಿಫಾಲ್ಟ್ ಗೇಟ್‌ವೇ ಅಂದ್ರ ಏನು, ಇವ್ರು ಹೇಳಿದ್ದು ತಿಳೀವಲ್ದು" ಅಂದ. ನಮ್ಮ ಊರಿನ ಅಗಸಿ ನೆನಪು ಮಾಡಿಕೊ ಅಂದೆ. ಊರೊಳಗಿನ ಮನೆಗೆ ಹೋಗಬೇಕಾದರೆ ಅಗಸಿ ದಾಟಬೇಕಿಲ್ಲ. ಹೊರಗೆ ಎಲ್ಲಿಗೇ ಹೋಗಬೇಕಾದರೂ ಅಗಸಿಯಿಂದಲೇ. ಅಗಸಿ ಎಲ್ಲಿದೆ ಅಂತ ಗೊತ್ತಿಲ್ಲದವನು ಊರೊಳಗೇ ಸುತ್ತುತ್ತಾನೆ. ಬ್ರಾಡ್‌ಕಾಸ್ಟ್ ಅಂದರೆ? ಡಂಗುರ. "ಈ ನಂಬರಿನ ಮನಿ ಯಾರದ್ರೀ" ಅಂತ ಊರೆಲ್ಲ ಸಾರಿದರೆ, ಆ ಮನೆಯವನು ಮಾತ್ರ ಓಗೊಡುತ್ತಾನೆ, ಅದು ಎಆರ್‌ಪಿ. ಡಂಗುರ ಅಗಸಿ ದಾಟಿ ಪಕ್ಕದ ಊರಿಗೆ ಹೋಗುವುದಿಲ್ಲ, ರೂಟರ್ ಬ್ರಾಡ್‌ಕಾಸ್ಟನ್ನು ಆಚೆ ಬಿಡುವುದಿಲ್ಲ. ಹುಡುಗ ಎದ್ದು ಕೂತ.

ಪ್ರಶ್ನೆಯನ್ನು ಕನ್ನಡಕ್ಕೆ ತನ್ನಿ ಅಂತ ನಾನು ಕೇಳುವುದಿಲ್ಲ. ಪರೀಕ್ಷೆ ಕನ್ನಡದಲ್ಲಿ ಇಲ್ಲ, ಕೆಲಸದ ಜಾಗದ ಪರದೆಯೂ ಕನ್ನಡದಲ್ಲಿ ಇಲ್ಲ. ಪ್ರಶ್ನೆ ಇಂಗ್ಲಿಷಿನಲ್ಲೇ ಇರಲಿ, ಅದನ್ನು ಓದುವ ರೂಢಿಯೂ ಬೇಕು. ವಿವರಣೆಗೆ ಮಾತ್ರ ಒಂದು ಗುಂಡಿ ಇರಲಿ, ಒತ್ತಿದರೆ ಕನ್ನಡದಲ್ಲಿ ಬರಲಿ. ಯಂತ್ರ ಅನುವಾದಿಸಿದ ಕನ್ನಡ ಬೇಡ. ಒಂದು ಕಡೆ ಹಾಗೆ ನೋಡಿದೆ, "ಪೋರ್ಟ್" ಎಂಬುದನ್ನು "ಬಂದರು" ಮಾಡಿದ್ದರು. ಸ್ವಿಚ್ಚಿಗೆ 24 ಬಂದರು. ಮಂಗಳೂರಿನವರಿಗಾದರೂ ಸಂತೋಷವಾಗಲಿ.

ಕರೆಂಟು, ನೆಟ್ಟು ಎರಡೂ ಹೋಗುವ ಊರಿನಲ್ಲಿ ಆ್ಯಪ್ ಪ್ರತಿ ಪ್ರಶ್ನೆಗೂ ಸರ್ವರ್ ಕೇಳಬಾರದು ಎನ್ನುವುದನ್ನು ಹೇಳಲೇಬೇಕೇ? 100 ಪ್ರಶ್ನೆಯ ಅಣಕು ಪರೀಕ್ಷೆಯಲ್ಲಿ 78ನೆಯದಕ್ಕೆ ಸಿಗ್ನಲ್ ಹೋಗಿ ಪೂರ್ತಿ ಅಳಿಸಿಹೋದ ರಾತ್ರಿ ನಾನು ಯಾರಿಗೆ ಬೈದೆ ಅಂತ ಇಲ್ಲಿ ಬರೆಯುವುದಿಲ್ಲ. ಒಮ್ಮೆ ಇಳಿಸಿಕೊಂಡರೆ ಪೂರ್ತಿ ನಡೆಯಬೇಕು, ನಿಂತಲ್ಲಿಂದಲೇ ಮತ್ತೆ ಶುರುವಾಗಬೇಕು.

ಫೇಲಾದ ಸುದ್ದಿ ಹೇಗೋ ಹಬ್ಬಿತು. ವಾಟ್ಸ್‌ಆ್ಯಪ್‌ಗೆ ಒಂದು ಅಪರಿಚಿತ ನಂಬರಿನಿಂದ ಸಂದೇಶ ಬಂತು: ನಿಜವಾದ ಪರೀಕ್ಷೆಯ ಪ್ರಶ್ನೆಗಳ ಪಿಡಿಎಫ್, 500 ರೂಪಾಯಿ, ಗ್ಯಾರಂಟಿ ಪಾಸ್. ಡಂಪ್ ಅಂತಾರೆ ಇದಕ್ಕೆ. ಸಿಕ್ಕಿಬಿದ್ದರೆ ಸರ್ಟಿಫಿಕೇಟೇ ರದ್ದಾಗಬಹುದು. 2021ರ ಪಿಎಸ್‌ಐ ನೇಮಕಾತಿ ಪರೀಕ್ಷೆಯ ಹಗರಣದ ಬಗ್ಗೆ, 545 ಹುದ್ದೆಗೆ ಹಗಲು ರಾತ್ರಿ ಓದಿ ಕೂತಿದ್ದ ಹುಡುಗರ ಜೊತೆ ಮಾತಾಡಿ ನಾನು ಎರಡು ಸ್ಟೋರಿ ಮಾಡಿದ್ದೆ. ಆ ಹುಡುಗರ ಮುಖ ನೆನಪಿದೆ. ಆದರೂ ಸುಳ್ಳು ಯಾಕೆ ಹೇಳಲಿ, ಆ ಸಂದೇಶವನ್ನು ಅಳಿಸಲು ನನಗೆ ಎರಡು ದಿನ ಹಿಡಿಯಿತು. ಆರುನೂರು ಪ್ರಶ್ನೆಗಳನ್ನೇ ತಿರುವಿ ಹಾಕುವ ಆ್ಯಪಿಗೂ ಈ ಪಿಡಿಎಫ್‌ಗೂ ಕಲಿಕೆಯ ಲೆಕ್ಕದಲ್ಲಿ ಎಷ್ಟು ಅಂತರ ಅಂತ ಆ ಎರಡು ದಿನ ಯೋಚಿಸಿದೆ. ಬಹಳ ಇಲ್ಲ.

ಆ್ಯಪಿನ ವರ್ಷ ಮುಗಿಯುತ್ತ ಬಂದಿದೆ, ಮತ್ತೆ ಕಟ್ಟುವುದಿಲ್ಲ. ಈಗ ನನ್ನ ಹತ್ತಿರ ಇರುವುದು ಒಂದು ಚಪ್ಪಲಿ ಡಬ್ಬಿ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ, ಹೌದು ಪತ್ರಕರ್ತ, ಕಲಿಯಲು ಒಂದು ಕಾರ್ಡ್ ಡಬ್ಬಿಯ ವಿಧಾನ ಹೇಳಿಕೊಟ್ಟ. ಡಬ್ಬಿಯಲ್ಲಿ ನಾಲ್ಕೈದು ಖಾನೆ. ಸರಿ ಹೇಳಿದ ಕಾರ್ಡು ಮುಂದಿನ ಖಾನೆಗೆ ಹೋಗುತ್ತದೆ, ಅದನ್ನು ತಡವಾಗಿ ನೋಡಿದರೆ ಸಾಕು. ತಪ್ಪಾದ ಕಾರ್ಡು ಎಲ್ಲಿದ್ದರೂ ಮೊದಲ ಖಾನೆಗೆ ವಾಪಸ್, ನಾಳೆಯೇ ನೋಡಬೇಕು. ಇದೇ ಮೂಲದ ಯೋಚನೆಯನ್ನು ಕಂಪ್ಯೂಟರಿನಲ್ಲಿ ಮಾಡುವ ಆಂಕಿ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಅಳಿಯ ತನ್ನ ಮೊಬೈಲಿಗೆ ಹಾಕಿಕೊಂಡಿದ್ದಾನೆ. ನನಗೆ ಡಬ್ಬಿಯೇ ಹಿಡಿಸಿತು. ಇಲಾಖೆಗಳ ಹಳೆ ಪ್ರೆಸ್‌ನೋಟುಗಳ ಹಿಂಬದಿ ಖಾಲಿ ಇರುತ್ತದಲ್ಲ, ಕತ್ತರಿಸಿ ಕಾರ್ಡು ಮಾಡಿದ್ದೇನೆ. ಒಂದು ಬದಿಗೆ "ಸಚಿವರಿಂದ ಪ್ರಗತಿ ಪರಿಶೀಲನೆ", ಇನ್ನೊಂದು ಬದಿಗೆ ಓಎಸ್‌ಪಿಎಫ್‌ನ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ 110. ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನಿಂದ ಮೂರು ಗುರುತು: ಗೊತ್ತು, ಅಂದಾಜು, ಎನ್ನಲಾಗಿದೆ.

ಅಣಕು ಪರೀಕ್ಷೆಗೆ ಅಳಿಯನೇ ಸಾಫ್ಟ್‌ವೇರ್. ಅವನು ಪ್ಯಾಕೆಟ್ ಟ್ರೇಸರಿನಲ್ಲಿ ಒಂದು ಜಾಲ ಕಟ್ಟಿ, ನಾನು ಚಹಾ ಕುಡಿಯಲು ಎದ್ದಾಗ ಎಲ್ಲೋ ಒಂದು ಕಡೆ ಕೆಡಿಸಿ ಇಡುತ್ತಾನೆ. ನಾನು ಬಂದು ಹುಡುಕಬೇಕು. ಅವನದನ್ನು ನಾನು ಕೆಡಿಸುತ್ತೇನೆ. ಹೊಗಳುವುದಿಲ್ಲ, ಪದಕವಿಲ್ಲ. ಕಳೆದ ಭಾನುವಾರ ಅವನು ಕೆಡಿಸಿದ್ದನ್ನು ಹಿಡಿಯಲು ನನಗೆ 50 ನಿಮಿಷ ಬೇಕಾಯಿತು. "ಮಾಮಾ, ಶೋ ಇಂಟರ್‌ಫೇಸಸ್ ಟ್ರಂಕ್ ಹೊಡ್ದಿದ್ರ ಎರಡ ನಿಮಿಷದ ಕೆಲ್ಸ" ಅಂದ.

ಎರಡನೇ ಸಲದ ಫೀಸಿಗೆ ಅರ್ಧ ಕೂಡಿದೆ. ಮನೆಯಾಕಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದಾಳೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ. ಇಂಜಿನಿಯರ್ ಇನ್ನೂ ಫೋನ್ ಎತ್ತುತ್ತಾರೆ. ಇದನ್ನು ಬರೆಯುತ್ತಿರುವಾಗಲೇ ಕರೆಂಟ್ ಹೋಯಿತು, ಅಳಿಯ ಮೊಬೈಲ್ ಟಾರ್ಚ್ ಹಚ್ಚಿ ಡಬ್ಬಿಯಿಂದ ಒಂದು ಕಾರ್ಡು ಎಳೆದ. 192.168.10.77/27. 64 ಅಂದೆ. ಅವನು ಕಾರ್ಡನ್ನು ಮುಂದಿನ ಖಾನೆಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದು ಕೇಳಿದ:

"96 ಯಾಕ್ ಅಲ್ಲ, ಅದನ್ನ ಹೇಳ್ರಿ ಮೊದಲ."